ಐ3 (ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪಕ್ಕಪಕ್ಕ ಜೋಡಿಸುವ ವಿಂಡೋ ಮ್ಯಾನೇಜರ್): ಲಾಗಿನ್ ಆದಾಗ ವಿಂಡೋಗಳು ದಿನಕ್ಕೊಂದು ಜಾಗದಲ್ಲಿ ಕೂರುತ್ತವೆ

ಪ್ರಶ್ನೆ:
ಒಂದನೇ ವರ್ಕ್‌ಸ್ಪೇಸ್‌ನಲ್ಲಿ ಎಡಕ್ಕೆ ಫೈರ್‌ಫಾಕ್ಸ್, ಬಲಕ್ಕೆ ಮೇಲೊಂದು ಕೆಳಗೊಂದು ಎಕ್ಸ್‌ಟರ್ಮ್ (ಟರ್ಮಿನಲ್) ಬೇಕು. ಮೇಲಿನದು ಟಿಪ್ಪಣಿಗೆ, ಕೆಳಗಿನದರಲ್ಲಿ ಲಾಗ್ ಓಡುತ್ತಿರುತ್ತದೆ. ಕಾನ್ಫಿಗ್‌ನಲ್ಲಿ ಇವನ್ನು ಶುರು ಮಾಡುವ ಮೂರು ಎಕ್ಸೆಕ್ ಸಾಲು ಹಾಕಿದ್ದೇನೆ, ಅಸೈನ್ ಕೂಡ ಇದೆ. ಆದರೂ ಒಂದು ದಿನ ಫೈರ್‌ಫಾಕ್ಸ್ ಎಡಕ್ಕೆ, ಇನ್ನೊಂದು ದಿನ ಬಲತುದಿಗೆ. ನಡುವೆ ಮೂರು ಸೆಕೆಂಡ್ ಕಾಯಲಿ ಅಂತ ಸ್ಲೀಪ್ 3 ಸೇರಿಸಿದೆ. ನಾಲ್ಕು ದಿನ ಸರಿ ಇತ್ತು, ಐದನೇ ದಿನ ಮತ್ತೆ ಅದೇ ಕಥೆ. ಹಳೇ ಲ್ಯಾಪ್‌ಟಾಪ್, ಎಸ್‌ಎಸ್‌ಡಿ ಇಲ್ಲ.

ಉತ್ತರ:
ಸ್ಲೀಪ್ ತೆಗೆದುಬಿಡಿ, ಅದು ಸುಮ್ನೆ ಜೂಜು. ಐ3 ಮೂರನ್ನೂ ಶುರು ಮಾಡುತ್ತದೆ, ಯಾವುದಕ್ಕೂ ಕಾಯುವುದಿಲ್ಲ. ಮೊದಲು ಬಂದ ವಿಂಡೋಗೆ ಎಡಗಡೆ ಜಾಗ. ಅಸೈನ್ ಯಾವ ವರ್ಕ್‌ಸ್ಪೇಸ್ ಅಂತಷ್ಟೇ ಹೇಳುತ್ತದೆ, ಅದರೊಳಗೆ ಎಲ್ಲಿ ಅಂತಲ್ಲ.

ನಿಮಗೆ ಬೇಕಾದ್ದು ಅಪೆಂಡ್ ಲೇಔಟ್. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ವಾ, ಅದೇ. ಮೊದಲು ಖಾಲಿ ಚೌಕಟ್ಟು, ಆಮೇಲೆ ವಿಂಡೋ ಬಂದು ತನ್ನ ಜಾಗದಲ್ಲಿ ಕೂರುತ್ತದೆ.

ವಿಂಡೋಗಳನ್ನು ಒಮ್ಮೆ ಕೈಯಾರೆ ಜೋಡಿಸಿ, ಆ ಜೋಡಣೆಯನ್ನು ಬರೆದುಕೊಡುವ ಐ3-ಸೇವ್-ಟ್ರೀ ಓಡಿಸಿ, ಬಂದದ್ದನ್ನು ಜೇಸನ್ ಫೈಲಿಗೆ ಉಳಿಸಿ. ಅದರಲ್ಲಿ ಯಾವ ಚೌಕಟ್ಟಿಗೆ ಯಾವ ವಿಂಡೋ ಅಂತ ಹೇಳುವ ಸ್ವಾಲೋಸ್ ಅನ್ನುವ ಕಡೆ ಕ್ಲಾಸ್, ಇನ್‌ಸ್ಟನ್ಸ್, ಟೈಟಲ್ ಸಾಲುಗಳೆಲ್ಲ ಕಾಮೆಂಟ್ ಆಗಿರುತ್ತವೆ. ಬೇಕಾದ್ದರ ಕಾಮೆಂಟ್ ಮಾತ್ರ ತೆಗೆಯಿರಿ. ಟೈಟಲ್ ಮುಟ್ಟಬೇಡಿ, ಟ್ಯಾಬ್ ಬದಲಾದರೆ ಅದೂ ಬದಲಾಗುತ್ತದೆ. ಫೈರ್‌ಫಾಕ್ಸ್ ಕ್ಲಾಸ್ ಹೆಸರನ್ನು ಎಕ್ಸ್‌ಪ್ರಾಪ್‌ನಲ್ಲಿ (ವಿಂಡೋದ ವಿವರ ತೋರಿಸುವ ಆದೇಶ) ನೋಡಿಕೊಳ್ಳಿ, ಎರಡು ಹೆಸರು ಬಂದರೆ ಎರಡನೆಯದೇ ಕ್ಲಾಸ್. ದೊಡ್ಡಕ್ಷರ, ಸಣ್ಣಕ್ಷರ ವ್ಯತ್ಯಾಸವಾದರೂ ಹೊಂದುವುದಿಲ್ಲ.

ಆಮೇಲೆ ಒಂದು ಶೆಲ್ ಸ್ಕ್ರಿಪ್ಟ್. ಮೊದಲ ಸಾಲಲ್ಲಿ, ಐ3ಗೆ ಆದೇಶ ಕಳಿಸುವ ಐ3-ಮೆಸೇಜ್ ಮೂಲಕ ಅಪೆಂಡ್ ಲೇಔಟ್, ಅದರ ಕೆಳಗೆ ಮೂರೂ ಪ್ರೋಗ್ರಾಮ್. ಕಾನ್ಫಿಗ್‌ನಲ್ಲಿ ಆ ಸ್ಕ್ರಿಪ್ಟ್‌ಗೆ ಒಂದೇ ಎಕ್ಸೆಕ್.

ಪ್ರಶ್ನೆ ಕೇಳಿದವರು:
ಚೌಕಟ್ಟೇ ಬರಲಿಲ್ಲ. ಎರರ್ ಕೂಡ ಕಾಣಲಿಲ್ಲ.

ಉತ್ತರ:
ಐ3-ಮೆಸೇಜ್ ಸಾಲನ್ನು ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿ, ಎರರ್ ಅಲ್ಲಿ ಕಾಣುತ್ತದೆ. ಕ್ಲಾಸ್ ಸಾಲು ಮಾತ್ರ ಉಳಿಸಿಕೊಂಡಿದ್ದರೆ ಅದರ ಕೊನೆಯ ಅಲ್ಪವಿರಾಮ ಅಳಿಸಿದ್ದೀರಾ? ನಾನೂ ಒಂದು ಸಂಜೆ ಪೂರ್ತಿ ಅದಕ್ಕೇ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು:
ಅಲ್ಪವಿರಾಮವೇ! ಈಗ ಫೈರ್‌ಫಾಕ್ಸ್ ಸರಿ. ಎರಡು ಎಕ್ಸ್‌ಟರ್ಮ್ ಮಾತ್ರ ಕೆಲವೊಮ್ಮೆ ಮೇಲೆ ಕೆಳಗೆ ಅದಲುಬದಲು.

ಉತ್ತರ:
ಎರಡಕ್ಕೂ ಕ್ಲಾಸ್ ಒಂದೇ, ಯಾವ ಟವೆಲ್ ಯಾರದು ಅಂತ ಐ3ಗೆ ಹೇಗೆ ಗೊತ್ತಾಗಬೇಕು? ಎಕ್ಸ್‌ಟರ್ಮ್ ಶುರು ಮಾಡುವಾಗ ನೇಮ್ ಆಯ್ಕೆ ಕೊಟ್ಟು ಒಂದಕ್ಕೆ ನೋಟ್ಸ್, ಇನ್ನೊಂದಕ್ಕೆ ಲಾಗ್ ಅಂತ ಹೆಸರಿಡಿ. ಜೇಸನ್‌ನಲ್ಲಿ ಕ್ಲಾಸ್ ಬಿಟ್ಟು ಇನ್‌ಸ್ಟನ್ಸ್‌ಗೆ ಅದೇ ಹೆಸರು ಕೊಡಿ.

ಅಂದಹಾಗೆ, ಮುಂದೆ ಸ್ವೇಗೆ (ವೇಲ್ಯಾಂಡ್‌ನಲ್ಲಿ ಓಡುವ, ಐ3 ಮಾದರಿಯದೇ ವಿಂಡೋ ಮ್ಯಾನೇಜರ್) ಹೋಗುವ ಯೋಚನೆ ಇದ್ದರೆ ಇದು ಅಲ್ಲಿ ನಡೆಯುವುದಿಲ್ಲ. ಅದರಲ್ಲಿ ಅಪೆಂಡ್ ಲೇಔಟ್ ಇಲ್ಲ.

ಪ್ರಶ್ನೆ ಕೇಳಿದವರು:
ಆಯ್ತು, ನಾಲ್ಕು ಸಲ ರೀಬೂಟ್ ಮಾಡಿದೆ, ಎಲ್ಲವೂ ಜಾಗದಲ್ಲೇ ಇವೆ. ಆದರೆ ಮಾಡ್, ಶಿಫ್ಟ್, ಆರ್ ಒತ್ತಿ ಐ3 ರೀಸ್ಟಾರ್ಟ್ ಮಾಡಿದರೆ ಇನ್ನೊಂದು ಸೆಟ್ ತೆರೆದುಕೊಳ್ಳುತ್ತಿದೆ.

ಉತ್ತರ:
ಸ್ಕ್ರಿಪ್ಟನ್ನು ಎಕ್ಸೆಕ್ ಆಲ್ವೇಸ್‌ನಲ್ಲಿ ಹಾಕಿರುತ್ತೀರಿ, ಅದು ರೀಸ್ಟಾರ್ಟ್ ಆದಾಗಲೂ ಓಡುತ್ತದೆ. ಆಲ್ವೇಸ್ ತೆಗೆಯಿರಿ, ಬರೀ ಎಕ್ಸೆಕ್ ಸಾಕು.