ಸಹಾಯ ಬೇಕು: ಒಬ್ಬನೇ ಸೈಕಲ್ ತುಳಿಯುವವನಿಗೆ ಯಾವ ಕ್ಯಾಮೆರಾ?

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಭಾನುವಾರ ಬೆಳಿಗ್ಗೆ ಒಬ್ಬನೇ ಸೈಕಲ್ ಹತ್ತಿ ಅನಂತಪುರ, ಪೊಸಡಿ ಗುಂಪೆ ಗುಡ್ಡ, ಒಮ್ಮೊಮ್ಮೆ ಬೇಕಲದವರೆಗೂ ಹೋಗುತ್ತೇನೆ. ಫೋಟೋಗಳಲ್ಲಿ ರಸ್ತೆ ಇದೆ, ಕೋಟೆ ಇದೆ, ಗೋಡೆಗೆ ಒರಗಿಸಿದ ಸೈಕಲ್ ಇದೆ. ನಾನೇ ಇಲ್ಲ!

ಈಗ ಫೋನನ್ನು ಕೆಂಪು ಕಲ್ಲಿಗೆ ಒರಗಿಸಿ, 10 ಸೆಕೆಂಡಿನ ಟೈಮರ್ ಇಟ್ಟು ಓಡುತ್ತೇನೆ. ಪೆಡಲ್ ಮೇಲೆ ಕಾಲಿಡುವಷ್ಟರಲ್ಲಿ ಕ್ಲಿಕ್. ಹೆಚ್ಚಿನವುಗಳಲ್ಲಿ ನನ್ನ ಬೆನ್ನು ಮಾತ್ರ. ಕಳೆದ ವಾರ ಗುಂಪೆಯ ಗಾಳಿಗೆ ಫೋನ್ ಮಗುಚಿ ಬಿದ್ದು ಸ್ಕ್ರೀನ್ ಬಿರುಕು ಬಿಟ್ಟಿತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಾಗಾಗಿ ಬೇಕಿರುವುದು ಇಂಟರ್ವಲ್ ಶೂಟಿಂಗ್. ಎರಡು ಸೆಕೆಂಡಿಗೊಂದರಂತೆ ತಾನೇ ತೆಗೆಯುತ್ತಿರಬೇಕು, ನಾನು ಸುಮ್ನೆ ಅದರ ಮುಂದೆ ನಾಲ್ಕು ಸಲ ಹೋಗಿ ಬರಬೇಕು. ಬಜೆಟ್ 20,000 ರೂಪಾಯಿ, ಹಳೆಯದಾದರೂ ಪರವಾಗಿಲ್ಲ.

ಹಳೆಯ ನಿಕಾನ್ ಡಿ5300ರಲ್ಲಿ ಇಂಟರ್ವಲ್ ಟೈಮರ್ ಒಳಗೇ ಇದೆ. ಆದರೆ ಲೆನ್ಸ್, ಟ್ರೈಪಾಡ್ ಸೇರಿದರೆ ಭಾರ ಜಾಸ್ತಿ, ನಮ್ಮ ಏರುದಾರಿ ಗೊತ್ತಲ್ಲ. ಹಳೆಯ ಗೋಪ್ರೋ (ಪುಟ್ಟ ಆ್ಯಕ್ಷನ್ ಕ್ಯಾಮೆರಾ) ಆದರೆ ಜೇಬಿಗೆ ಹೋಗುತ್ತದೆ, ಮಳೆಗೂ ಚಿಂತೆಯಿಲ್ಲ. ಆದರೆ ಅಗಲದ ಲೆನ್ಸ್‌ನಲ್ಲಿ ಸ್ವಲ್ಪ ದೂರ ಹೋದರೂ ನಾನು ಇರುವೆಯಷ್ಟು ಕಾಣುತ್ತೇನೆ, ಅಲ್ವಾ? ನನ್ನ ಮನಸ್ಸು ನಿಕಾನ್ ಕಡೆಗೇ ವಾಲುತ್ತಿದೆ.

ಇಂಥದ್ದನ್ನು ಸೈಕಲ್ ಮೇಲೆ ಹೊತ್ತು ತಿರುಗಿದವರು ಇದ್ದೀರಾ? ಗಾಳಿಗೆ ಬೀಳದ ಸಣ್ಣ ಟ್ರೈಪಾಡ್ ಇದ್ದರೂ ಹೇಳಿ. ಕಾಸರಗೋಡು ಅಥವಾ ಮಂಗಳೂರಿನಲ್ಲಿ ಯಾರಾದರೂ ಮಾರುವವರಿದ್ದರೆ ನಾನೇ ಬಂದು ನೋಡುತ್ತೇನೆ.