ಎರಡು ಸಲ ಸೀಲ್ ಹಾಕಿಸಿದರೂ ಗೇರ್ ಆಯಿಲ್ ಸೋರೋದು ನಿಂತಿಲ್ಲ

ಆಲ್ದೂರು_ತೋಟ: ಸಾಕಾಗಿ ಹೋಗಿದೆ. 2004ರ ಪಿಕಪ್. ದಿನಾ ಬೆಳಿಗ್ಗೆ ಕೆಳಗೆ ಎಣ್ಣೆ ಚೆಲ್ಲಿರುತ್ತದೆ. ಎರಡು ತಿಂಗಳಲ್ಲಿ ಎರಡು ಸಲ ಎಣ್ಣೆ ತಡೆಯುವ ರಬ್ಬರ್ ಸೀಲ್ ಹಾಕಿಸಿದೆ. ಅರೇಬಿಕಾ ಕೊಯ್ಲು ನಡೀತಿದೆ, ಗಾಡಿ ನಿಲ್ಲಿಸೋಕೆ ಆಗಲ್ಲ. ಏನು ಮಾಡಲಿ?

ಬೇಲೂರು_ಡೀಸೆಲ್: ಎಲ್ಲಿಂದ ಸರ್? ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಬೆಲ್ ಹೌಸಿಂಗ್ ಹತ್ತಿರ ಆದರೆ ಇಂಜಿನ್ ಹಿಂದಿನ ಸೀಲೂ ಇರಬಹುದು. ಬೆರಳಿಗೆ ಹಚ್ಚಿ ನೋಡಿ. ಕಪ್ಪಗಿದ್ದರೆ ಇಂಜಿನ್ ಆಯಿಲ್, ಗಂಧಕದ ವಾಸನೆ ಬಂದರೆ ಗೇರ್ ಆಯಿಲ್.

ಆಲ್ದೂರು_ತೋಟ: ಗಂಧಕದ ವಾಸನೆಯೇ. ಹಿಂದೆ, ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿ.

ಹಾಸನ_ಗೇರ್: ಆ ಶಾಫ್ಟ್ ಬೋಲ್ಟ್ ಮಾಡುವ ಫ್ಲ್ಯಾಂಜ್ ಸವೆದಿದೆ. ಸೀಲ್ ಕೂರುವ ಜಾಗದಲ್ಲಿ ಉಗುರು ಆಡಿಸಿ. ಗೆರೆ ಸಿಕ್ಕಿದರೆ ಹೊಸ ಸೀಲೂ ನಿಲ್ಲಲ್ಲ.

ಆಲ್ದೂರು_ತೋಟ: ನೋಡಿದೆ, ನುಣ್ಣಗಿದೆ.

ಹಾಸನ_ಗೇರ್: ಚೆನ್ನಾಗಿ ಒರೆಸಿ ಇನ್ನೊಮ್ಮೆ ನೋಡಿ. ಫ್ಲ್ಯಾಂಜೇ ಅದು.

ಕೊಪ್ಪ_ಜೀಪ್: ಯಾವ ಆಯಿಲ್ ಹಾಕಿದ್ದೀರಿ? ಜಿಎಲ್-5 ದರ್ಜೆಯದಾದರೆ, ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ತಿನ್ನಬಹುದು. 80ಡಬ್ಲ್ಯೂ-90 ದಪ್ಪದ ಜಿಎಲ್-4 ಹಾಕಿ.

ಹಾಸನ_ಗೇರ್: ಸೋರಿಕೆಗೂ ಅದಕ್ಕೂ ಏನು ಸಂಬಂಧ?

ಕೊಪ್ಪ_ಜೀಪ್: ಗೇರ್‌ಬಾಕ್ಸ್ ಉಳಿಯಬೇಕಲ್ವಾ? ನನ್ನ ಜೀಪ್ ಜಿಎಲ್-4ರಲ್ಲೇ ಹನ್ನೆರಡು ವರ್ಷ ಓಡಿದೆ.

ಬೇಲೂರು_ಡೀಸೆಲ್: ಅದಿರಲಿ. ಸರ್, ಗಾಡಿ ನೀರಿಗೆ ಇಳಿಯುತ್ತಾ?

ಆಲ್ದೂರು_ತೋಟ: ತೋಟಕ್ಕೆ ಹಳ್ಳ ದಾಟಿಯೇ ಹೋಗಬೇಕು. ಫೋರ್‌ವೀಲ್ ಅಲ್ವಾ, ದಾಟುತ್ತದೆ.

ಬೇಲೂರು_ಡೀಸೆಲ್: ಫೋರ್‌ವೀಲ್ ಅಂತ ಮೊದಲೇ ಹೇಳಬೇಕಿತ್ತು ಮಾರಾಯ್ರೆ! ಹಾಗಾದರೆ ಹಿಂದೆ ಸೋರುತ್ತಿರೋದು ಗೇರ್‌ಬಾಕ್ಸ್ ಹಿಂದೆ ಕೂತು ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ಮೊದಲು ಅದರ ಗಾಳಿಕಿಂಡಿ, ಬ್ರೀದರ್ ನೋಡಿ. ಕೆಸರು ಕಟ್ಟಿದರೆ ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಸೀಲಿನಿಂದ ಎಣ್ಣೆ ತಳ್ಳುತ್ತದೆ. ಆಮೇಲೆ ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡರ ಲೆವೆಲ್ ಬೋಲ್ಟೂ ಬಿಚ್ಚಿ. ಎಣ್ಣೆ ತೂತಿನ ಕೆಳಅಂಚಿಗೆ ಇರಬೇಕು.

ಆಲ್ದೂರು_ತೋಟ: ಈಗಷ್ಟೇ ನೋಡಿದೆ. ಬ್ರೀದರ್ ತುಂಬಾ ಮಣ್ಣು. ಟ್ರಾನ್ಸ್‌ಫರ್ ಕೇಸ್ ಬೋಲ್ಟ್ ಬಿಚ್ಚುತ್ತಲೇ ಎಣ್ಣೆ ಹರಿದು ಬಂತು. ಗೇರ್‌ಬಾಕ್ಸಿನಲ್ಲಿ ಬೆರಳಿಗೂ ಸಿಗಲಿಲ್ಲ.

ಬೇಲೂರು_ಡೀಸೆಲ್: ಎರಡರ ನಡುವಿನ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಎಣ್ಣೆ ಆ ಕಡೆ ದಾಟುತ್ತಿದೆ, ಅಲ್ಲಿ ಹೆಚ್ಚಾಗಿ ಹಿಂದಿನಿಂದ ಸೋರುತ್ತಿದೆ. ನೀವು ಬದಲಾಯಿಸಿದ್ದು ಹೊರಗಿನದು. ಬೇರಿಂಗ್ ಸಡಿಲವಾಗಿದೆಯಾ ಅಂತಲೂ ನೋಡಿಸಿ, ಶಾಫ್ಟ್ ಅಲುಗಿದರೆ ಹೊಸ ಸೀಲೂ ಉಳಿಯಲ್ಲ.

ಆಲ್ದೂರು_ತೋಟ: ಕೊಯ್ಲು ಮುಗಿಯೋವರೆಗೆ ದಿನಾ ಎಣ್ಣೆ ತುಂಬಿಸಿ ಓಡಿಸಬಹುದಾ?

ಬೇಲೂರು_ಡೀಸೆಲ್: ಲೋಡ್ ಹಾಕಿಕೊಂಡು ಬೇಡ. ಎಣ್ಣೆ ಇಳಿದರೆ ಬೇರಿಂಗ್ ಸುಡುತ್ತದೆ.

ಹಾಸನ_ಗೇರ್: ಫ್ಲ್ಯಾಂಜೂ ನೋಡಿಸಿಬಿಡಿ, ಹೇಗೂ ಬಿಚ್ಚುತ್ತೀರಿ.

ಕೊಪ್ಪ_ಜೀಪ್: ಜಿಎಲ್-4 ಮರೀಬೇಡಿ.