ಕೋವಿ ಕಾನೂನು ಪ್ರಶ್ನೋತ್ತರ: ಪ್ರಿಂಟರಿನಲ್ಲಿ ಮಾಡಿದ ಕೋವಿಗೆ ಜಮ್ಮಾ ವಿನಾಯಿತಿ ಉಂಟೇ?

ನಿರ್ವಾಹಕರು: ಜಮ್ಮಾ ಎಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಹಿಡುವಳಿ. ಅದಿರುವವರಿಗೂ ಕೊಡವರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ‘ಪ್ಲಾಸ್ಟಿಕ್ ಕೋವಿಗೆ ಲೈಸೆನ್ಸ್ ಬೇಡ, ಕೊಡಗಿನವರಿಗಂತೂ ಬೇಡವೇ ಬೇಡ’ ಎಂಬ ಸಂದೇಶ ನಮ್ಮ ಬಳಗದಲ್ಲಿ ಮತ್ತೆ ಮತ್ತೆ ಸುತ್ತುತ್ತಿದೆ. ಆದ್ದರಿಂದ ಮಡಿಕೇರಿಯಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಮೊಕದ್ದಮೆಗಳನ್ನು ನಡೆಸುವ ವಕೀಲರೊಬ್ಬರು ಇಂದು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ತಯಾರಿಕೆಯ ವಿಧಾನವನ್ನಾಗಲಿ, ಫೈಲಿನ ಕೊಂಡಿಯನ್ನಾಗಲಿ ಹಾಕಿದವರನ್ನು ಆ ಕ್ಷಣವೇ ಬಳಗದಿಂದ ತೆಗೆಯಲಾಗುವುದು.

ವಿರಾಜಪೇಟೆಯ ಸದಸ್ಯರು: ಮೇಡಂ, ನಮಸ್ಕಾರ. ತ್ರೀಡಿ ಪ್ರಿಂಟರಿನಲ್ಲಿ ತಯಾರಾದದ್ದು ಪ್ಲಾಸ್ಟಿಕ್. ಅದರಲ್ಲಿ ಕಬ್ಬಿಣದ ನಳಿಗೆಯೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ಅದನ್ನು ಕಾನೂನು ಕೋವಿ ಎಂದು ಹೇಗೆ ಕರೆಯುತ್ತದೆ?

ವಕೀಲರು: ನಮಸ್ಕಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಂ, ಸ್ಫೋಟಕದ ಅಥವಾ ಬೇರಾವುದೇ ಶಕ್ತಿಯ ಬಲದಿಂದ ಗುಂಡನ್ನು ಹಾರಿಸಲೆಂದು ರೂಪಿಸಿದ ಇಲ್ಲವೇ ಮಾರ್ಪಡಿಸಿದ ಯಾವುದೇ ಬಗೆಯ ಆಯುಧವನ್ನು ಬಂದೂಕು ಎನ್ನುತ್ತದೆ. ಅದು ಕಬ್ಬಿಣದ್ದೋ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಎಂದು ಕಾಯ್ದೆ ಕೇಳುವುದಿಲ್ಲ. ಕಂಪನಿಯ ಹೆಸರಾಗಲಿ ಸಂಖ್ಯೆಯಾಗಲಿ ಇಲ್ಲದ ಬಂದೂಕನ್ನು ಮಾರುವುದನ್ನೂ ಬೇರೆಯವರಿಗೆ ವರ್ಗಾಯಿಸುವುದನ್ನೂ 8ನೇ ಕಲಂ ನಿಷೇಧಿಸುತ್ತದೆ. ಗುರುತಿಲ್ಲದಿರುವುದು ನಿಮ್ಮ ರಕ್ಷಣೆಗೆ ಬರುವುದಿಲ್ಲ, ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ಕುಶಾಲನಗರದ ಸದಸ್ಯರು: ನನ್ನದು ಪ್ರಿಂಟಿಂಗ್ ಅಂಗಡಿ. ಯಂತ್ರದ ಬಿಡಿಭಾಗ, ಬಹುಮಾನದ ಫಲಕ, ಮನೆಯ ಮಾದರಿ ಇಂಥವನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಡುತ್ತೇನೆ. ಗಿರಾಕಿ ತಂದ ಫೈಲಿನಲ್ಲಿ ಏನಿದೆಯೆಂದು ನನಗೆ ತಿಳಿಯದಿದ್ದರೆ ನಾನು ಹೊಣೆಯೇ?

ವಕೀಲರು: ಯಂತ್ರ ನಿಮ್ಮದು, ತಯಾರಿಸುವವರೂ ನೀವೇ. ಕೋವಿಯ ಹಿಡಿಯ ಆಕಾರವನ್ನು ಕಂಡಮೇಲೆಯೂ ‘ತಿಳಿಯದು’ ಎಂದರೆ ನ್ಯಾಯಾಲಯ ನಂಬುವುದಿಲ್ಲ, ಅದೂ ಕೊಡಗಿನವರು ಹೇಳಿದರೆ. ಪ್ರತಿ ಆರ್ಡರಿನ ಹೆಸರು, ದೂರವಾಣಿ ಸಂಖ್ಯೆ, ಫೈಲಿನ ಪ್ರತಿ ನಿಮ್ಮಲ್ಲಿರಲಿ. ಸಂಶಯ ಬಂದರೆ ಕೆಲಸವನ್ನು ನಿರಾಕರಿಸಿ ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಗೋಣಿಕೊಪ್ಪದ ಸದಸ್ಯರು: ಮೇಡಂ, ಇದನ್ನು ಎಲ್ಲರ ಮುಂದೆ ಕೇಳಲು ಸಂಕೋಚವಾಗುತ್ತಿದೆ, ಆದರೆ ಬೇರೆ ದಾರಿ ತೋಚಲಿಲ್ಲ. ನಮ್ಮದು ಜಮ್ಮಾ ಹಿಡುವಳಿ. ಮನೆಯಲ್ಲಿ ಅಪ್ಪನ ಕಾಲದ ಜೋಡಿ ನಳಿಗೆಯ ಕೋವಿಯಿದೆ, ಅದಕ್ಕೆ ವಿನಾಯಿತಿ ಪತ್ರವೂ ಇದೆ. ಮಗನಿಗೆ 19 ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದವನು ತನ್ನ ಪ್ರಿಂಟರಿನಲ್ಲಿ ಪಿಸ್ತೂಲಿನ ಹಿಡಿಯಂತಹ ಎರಡು ಮೂರು ಭಾಗಗಳನ್ನು ಮಾಡಿಟ್ಟಿರುವುದು ನಿನ್ನೆ ಕಣ್ಣಿಗೆ ಬಿತ್ತು. ಕೇಳಿದರೆ, ‘ನಮಗೆ ವಿನಾಯಿತಿ ಇದೆಯಲ್ಲ ಅಪ್ಪ, ಇನ್ನೂ ಪೂರ್ತಿಯೂ ಆಗಿಲ್ಲ’ ಎನ್ನುತ್ತಾನೆ. ಅವನು ಹೇಳುವುದು ಸರಿಯೇ?

ವಕೀಲರು: ಸರಿಯಲ್ಲ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ತಪ್ಪು ತಿಳಿವಳಿಕೆ ನಿಮ್ಮ ಮಗನೊಬ್ಬನದಲ್ಲ. ನಮ್ಮ ಜಿಲ್ಲೆಯಲ್ಲಿ ಕೋವಿಯೊಂದಿಗೇ ಬೆಳೆದ ಅನೇಕ ಹುಡುಗರು ಹೀಗೆಯೇ ನಂಬಿದ್ದಾರೆ.

ಬ್ರಿಟಿಷರ ಕಾಲದಿಂದ, 1861ರಿಂದಲೂ, ನಮಗೆ ದೊರೆತಿರುವ ವಿನಾಯಿತಿ ಈಗ ನಿಂತಿರುವುದು ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆಯ ಮೇಲೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಯಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಕೊಡುವ ವಿನಾಯಿತಿ 3 ಮತ್ತು 4ನೇ ಕಲಮುಗಳಿಂದ ಮಾತ್ರ, ಅಂದರೆ ಆಯುಧವನ್ನು ಪಡೆಯಲು, ಹೊಂದಲು, ಒಯ್ಯಲು ಬೇಕಾದ ಪರವಾನಗಿಯಿಂದ ಮಾತ್ರ. ತಯಾರಿಕೆ, ಮಾರಾಟ, ಮಾರ್ಪಾಡು, ರಿಪೇರಿ ಇವೆಲ್ಲ 5ನೇ ಕಲಮಿಗೆ ಸೇರಿದವು. ಆ ಕಲಮಿನಿಂದ ಕೊಡಗಿನ ಯಾರಿಗೂ ವಿನಾಯಿತಿ ಇಲ್ಲ. ನಮ್ಮ ಹಿರಿಯರಿಗೆ ಸಿಕ್ಕಿದ್ದು ಕೋವಿ ಇಟ್ಟುಕೊಳ್ಳುವ ಹಕ್ಕು, ಕೋವಿ ತಯಾರಿಸುವ ಹಕ್ಕಲ್ಲ. ಪ್ರಿಂಟರಿನ ಗುಂಡಿ ಒತ್ತುವುದು ಕಾನೂನಿನ ದೃಷ್ಟಿಯಲ್ಲಿ ತಯಾರಿಕೆಯೇ. 2019ರ ತಿದ್ದುಪಡಿಯ ನಂತರ, ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವೂ ದಂಡವೂ ಇವೆ.

‘ಪೂರ್ತಿಯಾಗಿಲ್ಲ’ ಎಂಬ ಮಾತು ಇನ್ನೂ ಅಪಾಯದ್ದು. ಕಾಯ್ದೆಯಲ್ಲಿ ಆಯುಧ ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ, ಆಯುಧ ತಯಾರಿಸುವ ಯಂತ್ರವೂ ಸೇರುತ್ತದೆ. 1959ರಲ್ಲಿ ಇದನ್ನು ಬರೆದವರ ಮನಸ್ಸಿನಲ್ಲಿ ಲೇತು, ಕುಲುಮೆ ಇದ್ದಿರಬೇಕು. ಮನೆಯ ಮೇಜಿನ ಮೇಲೆ ಆಟಿಕೆಯನ್ನೂ ಹೂಕುಂಡವನ್ನೂ ಮಾಡುವ ಪ್ರಿಂಟರು ಅಷ್ಟಕ್ಕೇ ‘ಆಯುಧ ತಯಾರಿಸುವ ಯಂತ್ರ’ ಆಗಿಬಿಡುವುದಿಲ್ಲ ಎಂದು ನಾನು ಖಂಡಿತ ವಾದಿಸುತ್ತೇನೆ. ಆದರೆ ಅದರಿಂದಲೇ ಪಿಸ್ತೂಲಿನ ಭಾಗಗಳು ಹೊರಬಂದಿದ್ದು, ಕಂಪ್ಯೂಟರಿನಲ್ಲಿ ಅದರ ಫೈಲುಗಳೂ ಸಿಕ್ಕಿದಾಗ ಆ ವಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನಿಮ್ಮ ಮಗನ ಮೇಲೆ ಪರೀಕ್ಷಿಸುವ ಆಸೆ ನನಗಿಲ್ಲ.

ವಯಸ್ಸಿನ ವಿಷಯವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. 21 ವರ್ಷ ತುಂಬದವರು ಬಂದೂಕನ್ನು ಪಡೆಯುವುದನ್ನೂ ಹೊಂದುವುದನ್ನೂ 9ನೇ ಕಲಂ ಪ್ರತ್ಯೇಕವಾಗಿ ನಿಷೇಧಿಸುತ್ತದೆ. ನಮ್ಮ ವಿನಾಯಿತಿಯಲ್ಲಿ ಆ ಕಲಮಿನ ಹೆಸರೂ ಇಲ್ಲ.

ನಿಮ್ಮ ಮಗ ಇದನ್ನು ಕಲಿಕೆಯ ಕುತೂಹಲ ಎಂದಾನು, ಇರಲೂಬಹುದು. ಅಮೆರಿಕದಲ್ಲಿ 2013ರಲ್ಲಿ ಬಹುತೇಕ ಪ್ಲಾಸ್ಟಿಕ್ಕಿನದೇ ಆದ ಪಿಸ್ತೂಲಿನ ಫೈಲನ್ನು ಅಂತರ್ಜಾಲದಲ್ಲಿ ಬಿಟ್ಟಾಗ, ಅಲ್ಲಿಯ ಸರ್ಕಾರ ತೆಗೆಸುವಷ್ಟರಲ್ಲಿ, ಎರಡೇ ದಿನದಲ್ಲಿ, ಸುಮಾರು ಒಂದು ಲಕ್ಷ ಸಲ ಅದು ಇಳಿಸಲ್ಪಟ್ಟಿತ್ತು. ಇಳಿಸಿಕೊಂಡವರಲ್ಲಿ ಹೆಚ್ಚಿನವರು ಕುತೂಹಲಿಗಳೇ ಇರಬೇಕು. ಆದರೆ ಮರುವರ್ಷ ಜಪಾನಿನಲ್ಲಿ, ಯಾರಿಗೂ ಗಾಯ ಮಾಡದ ಒಬ್ಬ ವ್ಯಕ್ತಿಗೆ, ಪ್ರಿಂಟರಿನಲ್ಲಿ ಕೋವಿ ತಯಾರಿಸಿದ್ದಕ್ಕಾಗಿಯೇ ಎರಡು ವರ್ಷದ ಶಿಕ್ಷೆಯಾಯಿತು. ಇನ್ನು ದೇಹದ ಮಾತು: ತೋಟಾ ಸಿಡಿದಾಗಿನ ಒತ್ತಡವನ್ನು ತಡೆಯದೆ ಇಂತಹ ಪ್ಲಾಸ್ಟಿಕ್ ಒಡೆದರೆ ಹೋಗುವುದು ಹಿಡಿದವನ ಬೆರಳು, ಕಣ್ಣು.

ಈಗ ಮಾಡಬೇಕಾದದ್ದು. ಪ್ರಿಂಟರನ್ನು ನಿಲ್ಲಿಸಿ. ಆ ಭಾಗಗಳನ್ನು ಗೆಳೆಯರಿಗೆ ತೋರಿಸುವುದಾಗಲಿ, ಫೋಟೊ ಕಳಿಸುವುದಾಗಲಿ, ಫೈಲನ್ನು ಹಂಚುವುದಾಗಲಿ ಕೂಡದು. ಗಾಬರಿಯಿಂದ ತೋಟದಲ್ಲಿ ಹೂಳುವುದು, ಹೊಳೆಗೆ ಎಸೆಯುವುದು, ಸುಡುವುದು ಇವೂ ಕೂಡದು. ಮುಂದೆ ಅದು ಸಾಕ್ಷ್ಯ ಮುಚ್ಚಿಟ್ಟಂತೆ ಕಾಣುತ್ತದೆ. ಇಲ್ಲಿ ಇನ್ನೊಂದು ಸಾಲನ್ನೂ ಬರೆಯದೆ ನನ್ನ ಕಚೇರಿಗೆ ಬನ್ನಿ. ಅಧಿಕಾರಿಗಳಿಗೆ ಹೇಗೆ, ಯಾರ ಸಮ್ಮುಖದಲ್ಲಿ ಒಪ್ಪಿಸಬೇಕೆಂದು ಕುಳಿತು ತೀರ್ಮಾನಿಸೋಣ.

ನಾಪೋಕ್ಲಿನ ಸದಸ್ಯರು: ಮೇಡಂ, ಹಾಗಾದರೆ ಜಮ್ಮಾ ವಿನಾಯಿತಿ ಇದ್ದವರು ಒಂದೇ ಒಂದನ್ನು ಸ್ವಂತಕ್ಕೆ ಪ್ರಿಂಟ್ ಮಾಡಿಕೊಳ್ಳಬಹುದೇ?

ವಕೀಲರು: ಇಲ್ಲ. ಮೇಲೆ ಓದಿ.

ಮಡಿಕೇರಿಯ ಸದಸ್ಯರು: ನಾವು ದಸರಾ ಮಂಟಪದ ಕೆಲಸ ಮಾಡುವ ಹುಡುಗರು. ಮಂಟಪದ ಬೊಂಬೆಗಳ ಕೈಗೆ ಹಳೆಯ ಕಾಲದ ಕೋವಿಯ ಮಾದರಿಗಳನ್ನು ಪ್ರಿಂಟ್ ಮಾಡಿ ಕೊಡಬಹುದೇ? ಥರ್ಮಾಕೋಲಿನವು ಮಳೆಗೆ ಉಳಿಯುವುದಿಲ್ಲ.

ವಕೀಲರು: ಆಟಿಕೆಯಾಗಿಯಲ್ಲದೆ ಬೇರೆ ಬಳಕೆಗೆ ಬಾರದ, ಕೆಲಸ ಮಾಡುವ ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುಗಳನ್ನು ಕಾಯ್ದೆ ಹೊರಗಿಟ್ಟಿದೆ. ಒಳಗೆ ಟೊಳ್ಳಿಲ್ಲದ, ಚಲಿಸುವ ಭಾಗಗಳಿಲ್ಲದ ಗಟ್ಟಿ ಅಚ್ಚಾದರೆ ತೊಂದರೆಯಿಲ್ಲ. ಕೆಲಸ ಮಾಡುವ ಕೋವಿಯ ಫೈಲನ್ನು ತಂದು ‘ಮಾದರಿ’ ಎನ್ನಬೇಡಿ. ಸಮಿತಿಯಿಂದ ಠಾಣೆಗೆ ಮುಂಚಿತವಾಗಿ ಪತ್ರ ಕೊಟ್ಟಿರಿ.

ವಿರಾಜಪೇಟೆಯ ಸದಸ್ಯರು: ನನಗೆ ಬಂದ ಸಂದೇಶವನ್ನು ಹಾಕುತ್ತಿದ್ದೇನೆ, ದಯವಿಟ್ಟು ನೋಡಿ. ‘ನಳಿಗೆಯ ತುದಿಗೆ ಕಿತ್ತಳೆ ಬಣ್ಣ ಬಳಿದರೆ ಕಾನೂನಿನಂತೆ ಅದು ಆಟಿಕೆ. 100 ರೂಪಾಯಿಯ ಛಾಪಾ ಕಾಗದದಲ್ಲಿ, ಪ್ರದರ್ಶನಕ್ಕೆ ಮಾತ್ರ ಎಂದು ನೋಟರಿ ಮಾಡಿಸಿದರೆ ಪೊಲೀಸರು ಮುಟ್ಟುವಂತಿಲ್ಲ. ಎಲ್ಲರಿಗೂ ಕಳುಹಿಸಿ.’

ವಕೀಲರು: ಕಿತ್ತಳೆ ತುದಿ ಅಮೆರಿಕದಲ್ಲಿ ಆಟಿಕೆಗಳಿಗಿರುವ ನಿಯಮ. ಗುಂಡು ಹಾರಿಸುವ ವಸ್ತುವಿಗೆ ಯಾವ ಬಣ್ಣ ಬಳಿದರೂ ಅದು ಆಟಿಕೆಯಾಗದು. ನೋಟರಿಯ ಮುದ್ರೆ ಅಪರಾಧವನ್ನು ಅಳಿಸುವುದಿಲ್ಲ. ಅದರ ಬದಲು, ಆ ವಸ್ತು ನಿಮ್ಮದೇ, ನಿಮಗೆ ತಿಳಿದೇ ನಿಮ್ಮಲ್ಲಿದೆ ಎಂದು ನೀವೇ ಸಹಿ ಹಾಕಿ ಪೊಲೀಸರಿಗೆ ಕೊಟ್ಟ ಸಾಕ್ಷ್ಯವಾಗುತ್ತದೆ. ಇದನ್ನು ಬರೆದವರು ಯಾರೆಂದು ನನಗೆ ಗೊತ್ತಿಲ್ಲ, ಆದರೆ ಜಾಮೀನಿಗೆ ಓಡಾಡುವವರು ಅವರಲ್ಲ. ದಯವಿಟ್ಟು ಅಳಿಸಿ.

ಸೋಮವಾರಪೇಟೆಯ ಸದಸ್ಯರು: ನಾನು ಒಂದು ಮಾತು ಹೇಳಲೇಬೇಕು. ನಾವೂ ಇದೇ ಜಿಲ್ಲೆಯವರು, ನಮ್ಮ ತೋಟಕ್ಕೂ ಆನೆ, ಹಂದಿ ಬರುತ್ತವೆ. ನಾವು ಒಂದು ಕೋವಿಯ ಲೈಸೆನ್ಸಿಗೆ ಕಚೇರಿಯಿಂದ ಕಚೇರಿಗೆ ಅಲೆಯುತ್ತೇವೆ. ವಿನಾಯಿತಿ ಇರುವವರು ಅದೂ ಸಾಲದೆಂದು ಈಗ ಪ್ರಿಂಟ್ ಮಾಡಲು ಹೊರಟಿದ್ದಾರೆ.

ವಿರಾಜಪೇಟೆಯ ಸದಸ್ಯರು: ಹೊರಟಿದ್ದಾರೆ ಎಂದು ಯಾರು ಹೇಳಿದರು? ಒಬ್ಬ ಹುಡುಗನ ತಪ್ಪಿಗೆ ಇಡೀ ಸಮುದಾಯವನ್ನು ಎಳೆಯಬೇಡಿ. ವಿನಾಯಿತಿಯ ಪ್ರಶ್ನೆ ಹೈಕೋರ್ಟಿನಲ್ಲಿ ತೀರ್ಮಾನವಾಗಿದೆ. ನಿಮಗೆ ತಕರಾರಿದ್ದರೆ ಸುಪ್ರೀಂ ಕೋರ್ಟಿಗೆ ಹೋಗಿ, ಬಳಗಕ್ಕೆ ಬರಬೇಡಿ.

ಪೊನ್ನಂಪೇಟೆಯ ಸದಸ್ಯೆ: ಅಣ್ಣ, ಆ ಫಾರ್ವರ್ಡನ್ನು ಇಲ್ಲಿಗೆ ತಂದವರು ನೀವೇ. ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜಿಸುವ ಕೋವಿಯ ಪಕ್ಕದಲ್ಲಿ ಪ್ರಿಂಟರಿನ ಪ್ಲಾಸ್ಟಿಕ್ಕನ್ನೂ ಇಡುತ್ತೀರೋ? 2029ರಲ್ಲಿ ಈ ವಿನಾಯಿತಿ ಮತ್ತೆ ದಿಲ್ಲಿಯವರ ಮೇಜಿಗೆ ಬರುತ್ತದೆ. ಅಷ್ಟರಲ್ಲಿ ಕೊಡಗಿನ ಒಂದೇ ಒಂದು ಮನೆಯಲ್ಲಿ ಇಂಥದ್ದು ಸಿಕ್ಕಿಬಿದ್ದರೆ, ವಿನಾಯಿತಿಯನ್ನು ವಿರೋಧಿಸುವವರಿಗೆ ಬೇರೆ ಕಾರಣ ಬೇಕಾಗುವುದಿಲ್ಲ.

ಸೋಮವಾರಪೇಟೆಯ ಸದಸ್ಯರು: ಅದೇ ನಾನು ಹೇಳಿದ್ದು.

ಪೊನ್ನಂಪೇಟೆಯ ಸದಸ್ಯೆ: ಅಲ್ಲ, ನೀವು ಹೇಳಿದ್ದು ಬೇರೆ. ನಾನು ವಿನಾಯಿತಿ ಉಳಿಯಲಿ ಎನ್ನುತ್ತಿದ್ದೇನೆ.

ಸಿದ್ದಾಪುರದ ಸದಸ್ಯರು: ಮೇಡಂ, ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸುವುದು 2019ರ ತಿದ್ದುಪಡಿಯ ‘ಸಂಭ್ರಮದ ಗುಂಡು’ ಎಂಬುದರಲ್ಲಿ ಬರುತ್ತದೆಯೇ?

ಬೆಂಗಳೂರಿನಲ್ಲಿರುವ ಸದಸ್ಯರು: ಅಮೆರಿಕದಲ್ಲಿ ಸ್ವಂತಕ್ಕೆ ಕೋವಿ ಮಾಡಿಕೊಳ್ಳುವುದು ಪ್ರಜೆಯ ಹಕ್ಕು. ಫೈಲ್ ಎಂದರೆ ಬರಿಯ ಮಾಹಿತಿ. ಮಾಹಿತಿಯನ್ನು ಯಾವ ಸರ್ಕಾರವೂ ನಿಷೇಧಿಸಲಾಗದು. ಜಪಾನಿನ ಮಾಜಿ ಪ್ರಧಾನಿಯನ್ನು ಕೊಂದದ್ದೂ ಪ್ರಿಂಟ್ ಮಾಡಿದ ಕೋವಿಯೇ ಅಲ್ಲವೇ? ತಡೆಯಲಾಯಿತೇ?

ವಕೀಲರು: ನಿಮ್ಮ ಕೊನೆಯ ಮಾತು ತಪ್ಪು. 2022ರ ಜುಲೈನಲ್ಲಿ ಶಿಂಜೊ ಅಬೆಯವರ ಹತ್ಯೆಗೆ ಬಳಸಿದ್ದು ಕೈಯಿಂದ ಮಾಡಿದ ಬಂದೂಕು, ಪ್ರಿಂಟರಿನದಲ್ಲ. ಈ ಸುಳ್ಳೂ ಫಾರ್ವರ್ಡಿನ ಕೃಪೆ.

‘ಮಾಹಿತಿಯನ್ನು ನಿಷೇಧಿಸಲಾಗದು’ ಎಂಬುದೂ ಸರಿಯಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2015ರಲ್ಲೇ ಇಂತಹ ಫೈಲನ್ನು ಹೊಂದಿರುವುದನ್ನೇ ಅಪರಾಧವಾಗಿಸಿತು. ಕೆನಡಾ 2023ರಲ್ಲಿ, ತಯಾರಿಕೆಯ ಅಥವಾ ಹಂಚಿಕೆಯ ಉದ್ದೇಶದಿಂದ ಫೈಲ್ ಇಟ್ಟುಕೊಳ್ಳುವುದನ್ನು ಅಪರಾಧವೆಂದಿತು. ನೀವು ಮೆಚ್ಚುವ ಅಮೆರಿಕದಲ್ಲೂ, ಸಂಖ್ಯೆಯಿಲ್ಲದ ಬಂದೂಕುಗಳ ಜೋಡಣೆ ಸಾಮಗ್ರಿಯ ಮಾರಾಟವನ್ನು ಬಿಗಿಗೊಳಿಸಿದ 2022ರ ನಿಯಮವನ್ನು ಅಲ್ಲಿಯ ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಫೈಲನ್ನೇ ಹೆಸರಿಸುವ ಕಲಂ ಇಲ್ಲ, ನಿಜ. ಅದು ಇರಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಪರವಾನಗಿ ಪಡೆದ ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವ ಕೋವಿಯನ್ನು ಮನಸ್ಸಿನಲ್ಲಿಟ್ಟು ಬರೆದ ಕಾಯ್ದೆಗೆ, ಮಧ್ಯದ ಈ ಹಂತಗಳು ಒಂದೂ ಇಲ್ಲದೆ ಕೋಣೆಯೊಳಗೇ ಹುಟ್ಟುವ ಕೋವಿ ತಯಾರಾದ ಮೇಲಷ್ಟೇ ಕಾಣುತ್ತದೆ. ಆದರೆ ಕಲಂ ಇಲ್ಲವೆಂದು ನೆಮ್ಮದಿಯಿಂದಿರಬೇಡಿ. ನೀವು ಹಂಚಿದ ಫೈಲಿನಿಂದ ಇನ್ನೊಬ್ಬರು ಕೋವಿ ಮಾಡಿದರೆ ಪ್ರೇರಣೆ, ನೆರವು ಎಂಬ ಆರೋಪ ನಿಮ್ಮ ಮನೆಗೂ ಬಂದೀತು.

ಬೆಂಗಳೂರಿನಲ್ಲಿರುವ ಸದಸ್ಯರು: ನಾನು ವಾದಕ್ಕೆ ಹೇಳಿದೆ ಅಷ್ಟೆ. ವಕೀಲರಿಗೆ ವಾದ ಕೇಳುವ ತಾಳ್ಮೆ ಇರಬೇಕು.

ವಕೀಲರು: ವಾದಕ್ಕೆ ತಾಳ್ಮೆ ಇದೆ. ಸುಳ್ಳು ಸುದ್ದಿಗೆ ಇಲ್ಲ.

ನಾಪೋಕ್ಲಿನ ಇನ್ನೊಬ್ಬ ಸದಸ್ಯರು: ಅಜ್ಜನ ಕೋವಿಯ ಮರದ ಹಿಡಿ ಬಿರುಕು ಬಿಟ್ಟಿದೆ. ಆ ಹಿಡಿಯೊಂದನ್ನೇ ಪ್ರಿಂಟ್ ಮಾಡಿ ಕೂರಿಸಬಹುದೇ?

ವಕೀಲರು: ಬೇಡ. ರಿಪೇರಿಯೂ 5ನೇ ಕಲಮಿಗೆ ಸೇರಿದ್ದು ಎಂದೆನಲ್ಲ. ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ವಿನಾಯಿತಿ ಪತ್ರದೊಂದಿಗೆ ಒಯ್ದು ಮಾಡಿಸಿ.

ಕುಶಾಲನಗರದ ಇನ್ನೊಬ್ಬ ಸದಸ್ಯರು: ಜಮ್ಮಾ ಇದ್ದರೆ ಪ್ರಿಂಟ್ ಮಾಡಬಹುದು ಎಂದು ಮೊದಲಿಗೆ ಹೇಳಿದಿರಲ್ಲವೇ?

ವಕೀಲರು: ಹೇಳಿಲ್ಲ. ಓದದೆ ಕೇಳುವ ಪ್ರಶ್ನೆಗಳಿಗೆ ಇನ್ನು ಉತ್ತರಿಸುವುದಿಲ್ಲ.

ಸಿದ್ದಾಪುರದ ಸದಸ್ಯರು: ನನ್ನ ಪುತ್ತರಿಯ ಪ್ರಶ್ನೆ ಹಾಗೆಯೇ ಉಳಿಯಿತು.

ವಿರಾಜಪೇಟೆಯ ಸದಸ್ಯರು: ಪುತ್ತರಿಯ ಗುಂಡನ್ನು ಯಾರೂ ಪ್ರಶ್ನಿಸುವಂತಿಲ್ಲ, ಅದು ಆಚಾರ.

ಸೋಮವಾರಪೇಟೆಯ ಸದಸ್ಯರು: ಕಾನೂನಿಗೆ ಉತ್ತರಿಸಲು ವಕೀಲರನ್ನು ಕರೆಸಿ, ಕೊನೆಗೆ ತೀರ್ಪು ಕೊಡುವವರು ನೀವೇ ಆದಿರಿ.

ವಿರಾಜಪೇಟೆಯ ಸದಸ್ಯರು: ನಿಮ್ಮಂಥವರಿಗೆ ಉತ್ತರಿಸುವುದೇ ವ್ಯರ್ಥ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಕಿತ್ತಳೆ ಬಣ್ಣದ ಸಂದೇಶವನ್ನು ಅಳಿಸಿದ್ದೇನೆ. ಇನ್ನೊಮ್ಮೆ ಹಾಕಿದವರು ಬಳಗದಲ್ಲಿ ಇರುವುದಿಲ್ಲ.

ಗೋಣಿಕೊಪ್ಪದ ಸದಸ್ಯರು: ಮೇಡಂ, ಬರೆಯಬೇಡಿ ಎಂದಿರಿ, ಕ್ಷಮಿಸಿ. ಬರುವಾಗ ಆ ಭಾಗಗಳನ್ನೂ ಕಂಪ್ಯೂಟರನ್ನೂ ತರಬೇಕೇ ಎಂಬುದೊಂದನ್ನು ಹೇಳಿಬಿಡಿ.

ವಕೀಲರು: ತರಬೇಡಿ. ಗೋಣಿಕೊಪ್ಪದಿಂದ ಮಡಿಕೇರಿಯವರೆಗೆ ಅವನ್ನು ಕಾರಿನಲ್ಲಿ ಒಯ್ಯುವುದೇ ಇನ್ನೊಂದು ತೊಂದರೆಯಾದೀತು. ಇದ್ದಲ್ಲೇ ಇರಲಿ, ಕೋಣೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮಲ್ಲಿರಲಿ. ಮಗನ ವಯಸ್ಸಿನ ದಾಖಲೆ ಮತ್ತು ನಿಮ್ಮ ವಿನಾಯಿತಿ ಪತ್ರ ಇಷ್ಟನ್ನೇ ತೆಗೆದುಕೊಂಡು ನಾಳೆ ಬೆಳಿಗ್ಗೆ ಕೋರ್ಟಿನ ಕಲಾಪ ಆರಂಭವಾಗುವ ಮುನ್ನ ಬನ್ನಿ. ಮಗನೂ ಜೊತೆಗಿರಲಿ.